ತಂಬಿಗೆ ನೀರಿಗೆ ನಿಂತ ಎದೆಯ ಓಟ

ಸವಣೂರಿನಲ್ಲಿ ಕೃಷ್ಣಾಬಾಯಿಯವರ ಮಡಿ ಅಂದರೆ ಅದೇನು ಸಾಮಾನ್ಯ ಸಂಗತಿಯೇ! ಮಠದ ಓಣಿಯ ಉಳಿದ ಹೆಂಗಸರು ಬೆಳಿಗ್ಗೆ ಒಮ್ಮೆ ತಲೆಗೆ ತಣ್ಣೀರು ಹಾಕಿಕೊಂಡು, ಮಡಿಸೀರೆ ಉಟ್ಟು, ಅಡಿಗೆ ಮುಗಿಸಿ, ಅಷ್ಟಕ್ಕೇ ಜನ್ಮ ಸಾರ್ಥಕವಾಯಿತೆಂದುಕೊಳ್ಳುತ್ತಿದ್ದರು. ಕೃಷ್ಣಾಬಾಯಿಯವರಿಗೆ ಅಷ್ಟು ಅಗ್ಗದ ಸಾರ್ಥಕತೆ ಸಾಲುತ್ತಿರಲಿಲ್ಲ. ಕಾಗೆ ಹಾರಿತು, ಮೈಲಿಗೆ. ಪಕ್ಕದ ಮನೆಯ ಬೆಕ್ಕು ದುರುಗುಟ್ಟಿ ನೋಡಿತು, ಮೈಲಿಗೆ. ಕಾಗೆಯೂ ಇಲ್ಲ ಬೆಕ್ಕೂ ಇಲ್ಲ ಅಂದರೆ “ಏನೋ ಮುಟ್ಟಿಧಂಗ ಆತು” ಎನ್ನುವುದೊಂದು ಇತ್ತಲ್ಲ, ಅದೂ ಮೈಲಿಗೆ. ಒಗ್ಗರಣೆಯ ಸೌಟನ್ನು ಇದ್ದಲ್ಲೇ ಬಿಟ್ಟು ಹಿತ್ತಲಿನ ಬಾವಿಕಟ್ಟೆಗೆ ಓಡಿ, ಕೊಡ ನೀರು ಸುರುವಿಕೊಂಡು, ಒದ್ದೆ ಸೀರೆಯಲ್ಲಿ ನಡುಗುತ್ತ ಬಂದು ಮತ್ತೆ ಸೌಟು ಹಿಡಿಯುವರು. ಧನುರ್ಮಾಸದ ಚಳಿಯಲ್ಲೂ ಅಷ್ಟೇ. ಓಣಿಯ ಸೊಸೆಯಂದಿರಿಗೆಲ್ಲ ಅವರ ಹೆಸರು ಹೇಳಿ ಹೆದರಿಸುವುದಿತ್ತು.

ಇಂಥವರ ಕೈಕೆಳಗೆ ಬಾಳುವೆ ಮಾಡುತ್ತಿದ್ದವಳು ಶ್ರೀವಿದ್ಯಾ. ಕೃಷ್ಣಾಬಾಯಿಯವರು ಅವಳಿಗೆ ಬರೀ ಅತ್ತೆಯಲ್ಲ, ಅಪ್ಪನ ಸ್ವಂತ ತಂಗಿ. ಹಾನಗಲ್ಲಿನ ಒಂದೇ ಮನೆಯಲ್ಲಿ ಹುಟ್ಟಿದವರು ಇಬ್ಬರೂ; ಅಣ್ಣನ ಮಗಳನ್ನು ತನ್ನ ಮಗನಿಗೆ ತಂದುಕೊಂಡರೆ ಹೊರಗಿನವರ ಕಾಟ ತಪ್ಪುತ್ತದೆ ಎಂಬುದು ಹಿರಿಯರ ಲೆಕ್ಕ. ಹೊರಗಿನವರ ಕಾಟವೇನೋ ತಪ್ಪಿತು. ಮಗ ಸುಶೀಂದ್ರ ವಕೀಲ. ಸವಣೂರು ಕೋರ್ಟಿನಲ್ಲಿ ವಾದ ಮಾಡುವುದಕ್ಕಿಂತ ಮನೆಯಲ್ಲಿ ಮಾಡುವುದೇ ಹೆಚ್ಚು. ಮನೆಯಲ್ಲಿ ಎದುರು ವಕೀಲರಿರುವುದಿಲ್ಲವಲ್ಲ.

ಶ್ರೀವಿದ್ಯಾ ಶಿಗ್ಗಾಂವಿಯ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಬಸ್ಸು ಹತ್ತಿ ಬರುವುದು. ಬಸ್ಸಿನಲ್ಲಿ ಎಷ್ಟೋ ಸಲ ನಿಂತೇ ಹೋಗಬೇಕಾಗುತ್ತಿತ್ತು. ಆದರೂ ಆ ನೌಕರಿ ಅವಳಿಗೆ ಜೀವ. ಕರಿಹಲಗೆಯ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅವಳು ಹೇಳಿದ್ದನ್ನು ಅಲ್ಲಿ ಮಕ್ಕಳು ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಅವಳ ಮಾತು ಮುಗಿಯುವುದರೊಳಗೆ ಯಾರಾದರೊಬ್ಬರು ಎದ್ದು ಹೋಗಿರುತ್ತಿದ್ದರು.

ಎದೆ ಓಡಲು ಸುರುವಾದದ್ದು ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಬಾಗಿಲ ಮುಂದೆ ರಂಗೋಲಿ ಹಾಕಲು ಬಗ್ಗಿದಾಗ. ಏನೂ ಇಲ್ಲ, ಎಂತೂ ಇಲ್ಲ, ಯಾರೋ ಗುಂಡಿ ಒತ್ತಿದ ಹಾಗೆ ಧಡ್ಡಂತ ಹೊಡೆದುಕೊಳ್ಳತೊಡಗಿತು. ಕುತ್ತಿಗೆಯ ನರ ಕುಣಿಯುತ್ತಿದೆ, ಕಣ್ಣು ಮಂಜಾಗುತ್ತಿದೆ, ಕೈಯಲ್ಲಿನ ರಂಗೋಲಿ ಹಿಟ್ಟು ಸೋರಿಹೋಗುತ್ತಿದೆ. “ಅತ್ಯಾ, ಎದಿ ಓಡಲಿಕತ್ತದರಿ” ಎಂದಳು. ಕೃಷ್ಣಾಬಾಯಿಯವರು ಅವಳ ಮೋರೆಯನ್ನು ಒಮ್ಮೆ ನೋಡಿದರು, ಕುತ್ತಿಗೆಯನ್ನು ಒಮ್ಮೆ ನೋಡಿದರು. ಬಾವಿಕಟ್ಟೆಗೆ ದರದರ ಎಳೆದುಕೊಂಡು ಹೋಗಿ, “ಉಸಿರು ಬಿಗಿ ಹಿಡದು, ಹೊಟ್ಟಿ ಬಿಗಿಮಾಡಿ ಮುಕ್ಕು. ನರಸಿಂಹದೇವರನ್ನ ನೆನಿ, ಉಸಿರು ಬಿಡಬ್ಯಾಡ” ಎಂದು, ತಾಮ್ರದ ತಂಬಿಗೆಯ ತಣ್ಣೀರನ್ನು ಮುಖಕ್ಕೆ ರಪ್ಪನೆ ಹೊಡೆದರು. ಎದೆ ಒಂದು ಕ್ಷಣ ತಡೆಯಿತು, ಆಮೇಲೆ ಏನೂ ಆಗಿಲ್ಲವೆಂಬಂತೆ ಮೆಲ್ಲಗೆ ನಡೆಯಿತು. “ಇಳೀತು” ಎಂದರು ಕೃಷ್ಣಾಬಾಯಿ. ಶ್ರೀವಿದ್ಯಾ ಇನ್ನೂ ಬಾಯಿ ತೆರೆದಿರಲಿಲ್ಲ.

ಅಂದಿನಿಂದ ಅದೇ ಕ್ರಮ. ಎದೆ ಓಡುವುದು, ತಂಬಿಗೆ ನೀರು, ಇಳಿಯುವುದು. ಆಮೇಲೆ ತಲೆ ಒರೆಸಿ, ಬೇರೆ ಸೀರೆ ಉಡಿಸಿ, ಕುಂಕುಮ ತಿದ್ದಿ ಡಾಕ್ಟರ ಹತ್ತಿರ ಕರೆದೊಯ್ಯುವುದು. ಡಾಕ್ಟರು ಎದೆಗೆ ವೈರು ಹಚ್ಚಿ ಇಸಿಜಿ ತೆಗೆದರೆ, ಕಾಗದದ ಮೇಲೆ ಹೃದಯ ಒಳ್ಳೆಯ ಮನೆತನದ ಹುಡುಗಿಯ ಹಾಗೆ ತಲೆ ತಗ್ಗಿಸಿಕೊಂಡು ನಡೆಯುತ್ತಿರುತ್ತಿತ್ತು. ಕಳ್ಳ ಊರು ಬಿಟ್ಟ ಮೇಲೆ ಪೊಲೀಸರನ್ನು ಕರೆದರೆ ಸಿಗುವುದಾದರೂ ಏನು? “ಟೆನ್ಶನ್ ಮಾಡ್ಕೋಬ್ಯಾಡ್ರಿ” ಎಂದು ನಿದ್ದೆ ಬರುವ ಗುಳಿಗೆ ಬರೆದುಕೊಟ್ಟರು.

ಹಿರೇಕೆರೂರಿನಲ್ಲಿ ಒಬ್ಬರು ಓಡುವ ಪಟ್ಟಿಯ ಮೇಲೆ ನಡೆಸಿ ನೋಡುತ್ತಾರೆಂದು ಅಲ್ಲಿಗೂ ಹೋಗಿಬಂದದ್ದಾಯಿತು. ಗೋವಿನಜೋಳದ ಲಾರಿಗಳ ನಡುವೆ ಬಸ್ಸು ತೂರಿಕೊಂಡು ಹೋಗಿ, ಪಟ್ಟಿಯ ಮೇಲೆ ಗಾಣದೆತ್ತಿನ ಹಾಗೆ ನಡೆದು, ಬೆವರು ಹರಿಸಿ, ‘ಎಲ್ಲಾ ಛೊಲೋ ಅದ’ ಎಂಬ ಸರ್ಟಿಫಿಕೇಟು ತಂದಳು. ಹುಬ್ಬಳ್ಳಿಯಿಂದ ದಿನವಿಡೀ ಎದೆಗೆ ಕಟ್ಟಿಕೊಳ್ಳುವ ಮಷಿನೂ ಬಂತು. ಅದು ಮೈಮೇಲಿರುವಾಗ ಅಡಿಗೆಮನೆಗೆ ಪ್ರವೇಶವಿಲ್ಲವೆಂದು ಕೃಷ್ಣಾಬಾಯಿಯವರ ಅಪ್ಪಣೆಯಾಯಿತು. ಶ್ರೀವಿದ್ಯಾ ಪಡಸಾಲೆಯಲ್ಲಿ ಕೂತು ಹಾಯಾಗಿ ಪೇಪರು ಓದಿದಳು. ಬಗ್ಗಲಿಲ್ಲ, ಎತ್ತಲಿಲ್ಲ. ಎದೆಯೂ ಹಾಯಾಗಿಯೇ ಇತ್ತು.

ಒಂದು ಸಲ ಕಾಲೇಜಿನಲ್ಲೂ ಬಂತು. ಇಂಗ್ಲಿಷ್ ಕಲಿಸುವ ಭಾಗ್ಯಶ್ರೀ, ಅವಳ ಜೀವದ ಗೆಳತಿ, ತಕ್ಷಣ ಆಟೋದಲ್ಲಿ ಹಾಕಿಕೊಂಡು ಹೊರಟಳು. ಆಸ್ಪತ್ರೆ ಕಾಣಿಸಬೇಕು ಅನ್ನುವಷ್ಟರಲ್ಲಿ ರಸ್ತೆಯ ಹಂಪಿನ ಮೇಲೆ ಆಟೋ ಹಾರಿಬಿತ್ತು. ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು, ಎದೆ ನಿಂತುಹೋಯಿತು, ಅಂದರೆ ಓಟ ನಿಂತಿತು. ಆ ಹಂಪಿನಿಂದ ಮನುಷ್ಯಮಾತ್ರರಿಗೆ ಉಪಕಾರವಾದದ್ದು ಅದೊಂದೇ ಸಲ, ಅದೂ ಬೇಡವಾದ ಹೊತ್ತಿನಲ್ಲಿ.

“ಸಾಕ್ಷಿ ಇಲ್ಲ, ಪುರಾವೆ ಇಲ್ಲ,” ಎಂದ ಸುಶೀಂದ್ರ, ಊಟದ ಎಲೆಯ ಮುಂದೆ. “ಕೋರ್ಟಿನಾಗ ಇಂಥಾ ಕೇಸು ಬಾಗಲಾ ದಾಟಂಗಿಲ್ಲ. ಇದು ಮನಸ್ಸಿಂದು. ಆ ಬಸ್ಸು, ಆ ಪೇಪರ ತಿದ್ದೂದು, ಟೆನ್ಶನ್ನು.”

“ಮನಸ್ಸಿಂದೂ ಅಲ್ಲ, ಎದಿಂದೂ ಅಲ್ಲ,” ಎಂದರು ಕೃಷ್ಣಾಬಾಯಿ, ದೂರದಿಂದಲೇ ತುಪ್ಪ ಬಡಿಸುತ್ತ. “ಹೃದಯದ ಬ್ಯಾನಿ ತಂಬಿಗಿ ನೀರಿಗೆ ಹೋಗ್ತದೇನು? ಇದು ಗಾಳಿ. ರಸ್ತಾದಾಗ ಎಲ್ಲೋ ಹಿಡಕೊಂಡದ್ದು.”

ಒಬ್ಬರದು ಟೆನ್ಶನ್ ವಾದ, ಇನ್ನೊಬ್ಬರದು ಗಾಳಿ ವಾದ. ತೀರ್ಪು ಮಾತ್ರ ಒಂದೇ: ಶಿಗ್ಗಾಂವಿಯ ನೌಕರಿ ಬಿಡಬೇಕು. ದಸರಾ ರಜೆ ಬರುವಷ್ಟರಲ್ಲಿ ಬಿಡಬೇಕು. ಸುಶೀಂದ್ರ ಸುಮ್ಮನೆ ಹೇಳುವ ಗಂಡಸಲ್ಲ, ರಾಜೀನಾಮೆಯನ್ನು ತಾನೇ ಟೈಪು ಮಾಡಿಸಿ ತಂದ. ‘ಮಾನಸಿಕ ಒತ್ತಡದ ನಿಮಿತ್ತ’ ಎಂದು ಎಷ್ಟು ಚೆಂದದ ಅಕ್ಷರಗಳಲ್ಲಿ ಬರೆಸಿದ್ದ! ಹೆಂಡತಿ ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಕೂಡ ಮಾಡಿದ್ದ. ಅಷ್ಟು ಕಾಳಜಿ.

ಭಾಗ್ಯಶ್ರೀ ಸುಮ್ಮನೆ ಕೂಡಲಿಲ್ಲ. “ನಿಮ್ಮೂರ ತಾಲೂಕು ಆಸ್ಪತ್ರಿಗೇ ಒಬ್ಬರು ಹೊಸಾ ಡಾಕ್ಟರು ಬಂದಾರಂತ. ತಸ್ಲೀಮಾ ಅಂತ. ಕಿವಿಗೊಟ್ಟು ಕೇಳ್ತಾರಂತ. ಒಮ್ಮೆ ಹೋಗು, ಮಾರಾಯ್ತಿ” ಎಂದು ಬೆನ್ನು ಹತ್ತಿದಳು. ಶ್ರೀವಿದ್ಯಾ ಒಂದು ಸಂಜೆ ಬಸ್ಸಿಳಿದವಳೇ, ಮನೆಗೆ ಹೇಳದೆ ಅಲ್ಲಿಗೆ ಹೋದಳು.

ಡಾಕ್ಟರ್ ತಸ್ಲೀಮಾ ಹಳೆಯ ಕಾಗದಗಳನ್ನು ಪಕ್ಕಕ್ಕೆ ಸರಿಸಿ, “ಸುರು ಹೆಂಗ ಆಗ್ತೈತ್ರಿ? ಮೆಲ್ಲಕ ಏರ್ತೈತೋ, ಗುಂಡಿ ಒತ್ತಿಧಂಗೋ?” ಎಂದು ಕೇಳಿದರು.

“ಗುಂಡಿ ಒತ್ತಿಧಂಗರಿ.”

“ನಿಲ್ಲೂದು?”

“ಅದೂ ಹಂಗ.”

“ಕುಟ್ಟಿ ತೋರಸ್ರಿ.” ಮೇಜನ್ನು ತೋರಿಸಿದರು.

ಶ್ರೀವಿದ್ಯಾ ಬೆರಳಿನಿಂದ ಮೇಜು ಕುಟ್ಟಿದಳು. ಟಕಟಕಟಕಟಕ, ಒಂದೂ ಹಿಂದೆ ಬೀಳದ ಹಾಗೆ, ಒಂದೂ ಮುಂದೆ ಓಡದ ಹಾಗೆ. ಮೂರು ವರ್ಷದಲ್ಲಿ ಇದನ್ನು ಕುಟ್ಟಿ ತೋರಿಸು ಎಂದು ಯಾರೂ ಕೇಳಿರಲಿಲ್ಲ. ಅವಳಿಗೆ ಅಲ್ಲೇ ಅಳು ಬಂತು.

ತಸ್ಲೀಮಾ ಅಳು ಮುಗಿಯುವ ತನಕ ಕಾದರು. ಆಮೇಲೆ ತಾವೂ ಮೇಜು ಕುಟ್ಟಿದರು, ಮೊದಲು ಮೆಲ್ಲಗೆ, ಬರಬರುತ್ತ ಜೋರಾಗಿ, ಮತ್ತೆ ಬರಬರುತ್ತ ಮೆಲ್ಲಗೆ. “ಇದು ಗಾಬರೀದು. ಜ್ವರ ಬಂದ್ರ, ಮೈಯಾಗ ರಕ್ತ ಕಡಿಮಿ ಆದ್ರ, ಮೆಟ್ಟಲ ಹತ್ತಿದ್ರ, ಹಿಂಗ ಏರಿ ಹಿಂಗ ಇಳೀತೈತಿ. ಅಲ್ಲಿ ಹೃದಯದ ತಪ್ಪಿಲ್ರಿ, ಕಾರಣ ಬ್ಯಾರೆ ಕಡೆ ಹುಡುಕಬೇಕು.” ಮತ್ತೆ ಕುಟ್ಟಿದರು, ಈ ಸಲ ತಾಳವಿಲ್ಲ, ಲಯವಿಲ್ಲ, ಕುಡಿದವನು ಮೆಟ್ಟಿಲಿಳಿದ ಹಾಗೆ. “ಇದು ವಯಸ್ಸಾದವ್ರಿಗೆ, ಬಿಪಿ ಇದ್ದವ್ರಿಗೆ ಭಾಳ. ಹೃದಯದ ಮ್ಯಾಲಿನ ಕೋಣಿ ಬರೇ ನಡಗತಿರತೈತಿ, ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೀಬಹುದು. ಇನ್ನೊಂದು ಐತಿ, ಕೆಳಗಿನ ಕೋಣೀದು. ಮೊದಲ ಹಾರ್ಟ್ ಅಟ್ಯಾಕ್ ಆದವ್ರಿಗೆ ಹೆಚ್ಚು. ಕಣ್ಣು ಕತ್ತಲಿ ಬಂದು ಬೀಳ್ತಾರ. ಅದನ್ನ ಕುಟ್ಟಿ ತೋರಸ್ತಾ ಕುಂದ್ರೂದಲ್ಲ, ಆಂಬುಲೆನ್ಸ್ ಕರಿಯೂದು.”

“ಹಂಗಾರ ನಂದು?”

“ನಿಮ್ದು ಗುಂಡೀದು. ಕುತಿಗಿ ಕುಣೀತದಂದ್ರಿ, ಬಗ್ಗಿದಾಗ ಬರ್ತದಂದ್ರಿ, ತಣ್ಣೀರಿಗೆ ನಿಲ್ತದಂದ್ರಿ. ಟೆನ್ಶನ್ ಹಿಂಗ ತಂಬಿಗಿ ನೀರಿಗೆ ಟಕ್ಕಂತ ನಿಲ್ಲೂದಿಲ್ರಿ. ನಿಮ್ಮ ಅತ್ತೀಯವ್ರು ಹಾಕೂದು ಖರೇನ ಔಷಧಾ. ಆದ್ರ ಮೊದಲ ಔಷಧಾ ಹಾಕಿ ಆಮ್ಯಾಲೆ ರೋಗ ಹುಡುಕಿದ್ರ ಸಿಗ್ತೈತೇನ್ರಿ? ಮುಂದಿನ ಸಲ ಬಂದ್ರ ನೀರು ಹಾಕಿಸ್ಕೋಬ್ಯಾಡ್ರಿ. ಇದ್ದಂಗ ಬರ್ರಿ, ಕಾಗದದ ಮ್ಯಾಲೆ ಹಿಡಿಯೂನು.”

ಇನ್ನೇನು, ಬಂದರೆ ಸಾಕು ಎಂದು ಶ್ರೀವಿದ್ಯಾ ಕಾದಳು. ಬೇಡವೆಂದಾಗ ಹೊತ್ತುಗೊತ್ತಿಲ್ಲದೆ ಬರುತ್ತಿದ್ದ ನೆಂಟ ಬೇಕೆಂದಾಗ ನಾಪತ್ತೆ. ಬಗ್ಗಿದರೆ ಬರುತ್ತದಲ್ಲ ಎಂದು ದಿನಾ ಬೆಳಿಗ್ಗೆ ಅಂಗಳ ತುಂಬ ರಂಗೋಲಿ ಹಾಕತೊಡಗಿದಳು. ಕಮಲ, ಶಂಖ, ಚಕ್ರ, ಬಾಗಿಲಿನಿಂದ ಗಟಾರದ ತನಕ. “ಶ್ರೀವಿದ್ಯಾಗ ಭಾರೀ ಭಕ್ತಿ ಬಂದದ ನೋಡ್ರಿ” ಎಂದು ಓಣಿಯವರು ಹೊಗಳಿದರು. ಹೃದಯ ಮಾತ್ರ ಮಿಸುಕಲಿಲ್ಲ. ದಸರಾ ರಜೆ ಹತ್ತಿರ ಬಂತು. ಸುಶೀಂದ್ರ ರಾಜೀನಾಮೆಯನ್ನು ದೇವರ ಪಟದ ಕೆಳಗಿಟ್ಟು ಅಕ್ಷತೆ ಕೂಡ ಹಾಕಿಸಿದ.

ಬಂತು ಕೊನೆಗೂ. ಅಡಿಗೆಮನೆಯ ಹೊಸ್ತಿಲಲ್ಲಿ ಹಾಲಿನ ಗಿಂಡಿ ಎತ್ತಲು ಬಗ್ಗಿದಳು, ಧಡ್ಡಂತ ಸುರುವಾಯಿತು. ಗಿಂಡಿ ಉರುಳಿತು. ಕೃಷ್ಣಾಬಾಯಿ ತಿರುಗಿ ನೋಡಿದವರೇ ತಂಬಿಗೆ ಹಿಡಿದು ಬಾವಿಗೆ ಓಡಿದರು. ಇತ್ತ ಶ್ರೀವಿದ್ಯಾ ಬರಿಗಾಲಲ್ಲಿ ಮುಂಬಾಗಿಲಿಗೆ ಓಡಿದಳು.

“ಏ ವಿದ್ಯಾ! ನಿಂದ್ರು! ಎಲ್ಲಿಗೆ ಹೊಂಟಿ?”

“ಆಸ್ಪತ್ರಿಗೆ, ಅತ್ಯಾ! ನೀರು ಬ್ಯಾಡರಿ!”

ಎದುರಿಗೆ ನಾಸೀರನ ಆಟೋ ನಿಂತಿತ್ತು. ಅವಳು ಒಳಗೆ ಬಿದ್ದಳು. ಹಿಂದೆಯೇ, ಇಡೀ ಓಣಿ ನೋಡುತ್ತಿರುವಾಗ, ಬೆಕ್ಕು ನೋಡಿದರೆ ಮೈಲಿಗೆಯಾಗುವ ಕೃಷ್ಣಾಬಾಯಿಯವರು ಮಡಿಸೀರೆಯ ಕಚ್ಚೆ ಸರಿಮಾಡಿಕೊಳ್ಳುತ್ತ, ತುಂಬಿದ ತಂಬಿಗೆ ಹಿಡಿದುಕೊಂಡು, ಊರವರೆಲ್ಲ ಕೂತೆದ್ದ ಆ ಸೀಟಿನ ಮೇಲೆ ಏರಿ ಕೂತರು. ಓಣಿಯ ತುದಿಯಲ್ಲಿ ವೀಳ್ಯದೆಲೆ ಮಾರುವವನು ಎಲೆ ಎಣಿಸುವುದನ್ನೇ ಮರೆತ. ಓಣಿಗೆ ಮುಂದಿನ ಯುಗಾದಿಯ ತನಕ ಸಾಕಾಗುವಷ್ಟು ಮಾತು ಸಿಕ್ಕಿತು.

“ಜೋರ ಬಿಡಲೇನ್ರಿ ಅಕ್ಕಾರ?” ಎಂದ ನಾಸೀರ.

“ಬ್ಯಾಡ್ರೀ ಅಣ್ಣಾ! ಮೆಲ್ಲಕ! ಹಂಪು ಹಾರಸಬ್ಯಾಡ್ರಿ!”

“ಆಸ್ಪತ್ರಿಗೆ ಮೆಲ್ಲಕ ಹೋಗು ಅಂದವ್ರು ನೀವ ಮೊದಲ್ನೇದವ್ರು ನೋಡ್ರಿ.”

ಅಷ್ಟರಲ್ಲಿ ತಂಬಿಗೆ ಬೀಸಿತು. ಶ್ರೀವಿದ್ಯಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅರ್ಧ ನೀರು ನಾಸೀರನ ಬೆನ್ನಿಗಿಳಿಯಿತು. “ಯಾ ಅಲ್ಲಾ! ಬಾಯಾರ, ನಾ ಏನ ಮಾಡೇನ್ರಿ ನಿಮಗ!”

“ಹುಚ್ಚು ಹಿಡದದೇನ ನಿನಗ? ಮುಖಾ ತೆಗಿ! ಸಾಯ್ತಿ!” ಎನ್ನುತ್ತ ಕೃಷ್ಣಾಬಾಯಿ ಸೆರಗು ಹಿಡಿದು ಜಗ್ಗಿದರು.

ಶ್ರೀವಿದ್ಯಾಳಿಗೂ ಹೆದರಿಕೆಯೇ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು. ಒಂದು ಹಾಳೆ ಕಾಗದಕ್ಕಾಗಿ ಜೀವ ಕೊಡುತ್ತಿದ್ದೇನೆಯೇ ಎನ್ನಿಸಿತು. ಆದರೂ ಎದೆಯ ಮೇಲೆ ಕೈಯಿಟ್ಟು, ಇನ್ನೊಂದು ಸ್ವಲ್ಪ ಓಡು, ನಿಲ್ಲಬೇಡ, ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಬೇಡಿಕೊಳ್ಳುತ್ತಿದ್ದಳು. ಎದೆಯ ಓಟ ನಿಲ್ಲದಿರಲೆಂದು ಹರಕೆ ಹೊತ್ತ ಹೆಣ್ಣು ಅವಳೊಬ್ಬಳೇ ಇರಬೇಕು.

ಆಸ್ಪತ್ರೆಯಲ್ಲಿ ವೈರು ಹಚ್ಚಿದರು. ಕಾಗದ ಹೊರಬಂತು. ತಸ್ಲೀಮಾ ಅದನ್ನು ಬೆಳಕಿಗೆ ಹಿಡಿದು, “ಸಿಕ್ಕಿತು ನೋಡ್ರಿ!” ಎಂದರು. ನಿಮಿಷಕ್ಕೆ ನೂರಾ ತೊಂಬತ್ತರ ಮೇಲೆ, ಒಂದರ ಪಕ್ಕ ಒಂದು, ಸಪೂರ ಗೆರೆಗಳು, ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಅಂತರ. ಶ್ರೀವಿದ್ಯಾಳಿಗೆ ಅದಕ್ಕಿಂತ ಚೆಂದದ ಚಿತ್ರ ಜಗತ್ತಿನಲ್ಲಿ ಯಾವುದೂ ಕಾಣಲಿಲ್ಲ.

ಓಟ ನಿಲ್ಲಿಸಲು ಮೊದಲು ಸೂಜಿಯಿಲ್ಲದ ಸಿರಿಂಜಿಗೆ ಬಾಯಿಟ್ಟು ಊದಿಸಿ, ಮಲಗಿಸಿ, ಕಾಲೆತ್ತಿ ಹಿಡಿದರು. ನಿಲ್ಲಲಿಲ್ಲ. ತಸ್ಲೀಮಾ ಮೂಲೆಯಲ್ಲಿ ನಿಂತಿದ್ದ ಕೃಷ್ಣಾಬಾಯಿಯವರ ಕಡೆ ತಿರುಗಿದರು. “ಬಾಯಾರ, ಉಳದ ನೀರು ಈಗ ಹಾಕ್ರಿ.”

ಕೇಳಬೇಕೇ! ತಂಬಿಗೆ ಎರಗಿತು. ಓಟ ನಿಂತಿತು. “ಇಳೀತು” ಎಂದರು ಕೃಷ್ಣಾಬಾಯಿ, ಡಾಕ್ಟರ ಕಣ್ಣು ಪರದೆಯ ಮೇಲೆ ಹೋಗುವ ಮೊದಲೇ. ಅವರ ಎರಡು ಬೆರಳು ಸೊಸೆಯ ಕುತ್ತಿಗೆಯ ನರದ ಮೇಲಿದ್ದವು. ಅಲ್ಲೇ ಮುಟ್ಟಿ ನೋಡಬೇಕೆಂದು ಇವರಿಗೆ ಯಾರು ಹೇಳಿಕೊಟ್ಟರು ಎಂದು ಶ್ರೀವಿದ್ಯಾಳಿಗೆ ಒಂದು ಗಳಿಗೆ ಅನ್ನಿಸಿತು. ಆಮೇಲೆ ಸುಸ್ತಿನಲ್ಲಿ ಮರೆತಳು.

“ಗಾಳಿ ಅಲ್ರಿ ಇದು,” ಎಂದರು ತಸ್ಲೀಮಾ. “ಹೃದಯದಾಗ ಕರೆಂಟು ಹೋಗೂ ಹಾದಿ ಒಂದ ಇರಬೇಕು. ಇವ್ರಿಗೆ ಹುಟ್ಟಿನಿಂದ ಒಂದು ಒಳಹಾದಿ ಹೆಚ್ಚಿಗಿ ಐತಿ. ಒಮ್ಮೊಮ್ಮೆ ಕರೆಂಟು ಅಲ್ಲೇ ಗಿರಕಿ ಹೊಡೀತೈತಿ. ಮುಖಕ್ಕ ತಣ್ಣೀರು ಬಿದ್ರ, ಉಸಿರು ಬಿಗಿದು ಮುಕ್ಕಿದ್ರ ಒಂದು ನರ ಬ್ರೇಕ್ ಹಾಕ್ತೈತಿ. ಹುಬ್ಬಳ್ಳ್ಯಾಗ ತೊಡೀ ನರದಿಂದ ತಂತಿ ಹಾಕಿ ಆ ಒಳಹಾದಿ ಸುಟ್ಟಬಿಡ್ತಾರ. ಹೆಚ್ಚಿನವ್ರಿಗೆ ಮತ್ತ ಬರೂದಿಲ್ಲ.”

“ನಾ ಪಾಠ ಮಾಡಬಹುದೇನ್ರಿ?”

“ಯಾಕ ಮಾಡಬಾರದು?”

ಕೃಷ್ಣಾಬಾಯಿ ತಂಬಿಗೆಯನ್ನು ಸೆರಗಿನಿಂದ ಒರೆಸುತ್ತ, “ಇದು ಒಂದ ಮನಿತನದವ್ರಿಗೆ ಬರ್ತದೇನವಾ?” ಎಂದರು.

“ಅಪರೂಪಕ್ಕ ಬರ್ತೈತ್ರಿ. ಯಾಕ?”

“ಏನಿಲ್ಲ. ಸುಮ್ನ ಕೇಳಿದೆ.”

ಸುಶೀಂದ್ರ ಕರಿಕೋಟಿನಲ್ಲೇ ಕೋರ್ಟಿನಿಂದ ಬಂದ. ಕಾಗದವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಪರಿಶೀಲಿಸಿದ. ಮೂರು ವರ್ಷ ಹೆಂಡತಿಯ ಮಾತು ನಂಬದಿದ್ದುದಕ್ಕೆ ಒಂದು ಮಾತು ಹೇಳಬಹುದೆಂದು ಅವಳು ಕಾದಳು.

“ಹಂಗಾರ ಸಾಕ್ಷಿ ಸಿಕ್ಕಂಗಾತು,” ಎಂದ. “ಇಕಿ ಹೃದಯದ ಪೇಶಂಟು. ಇನ್ನ ನೌಕರಿ ಮಾತ ಇಲ್ಲ.”

“ಮಾಡಬಹುದು ಅಂತ ಹೇಳೇನಲ್ರಿ,” ಎಂದರು ತಸ್ಲೀಮಾ.

“ನೀವು ಹೇಳ್ತೀರಿ ಮೇಡಮ್. ಮನೀಯವ್ರಿಗೆ ಜವಾಬ್ದಾರಿ ಇರ್ತದ. ಹೃದಯದ ಬ್ಯಾನಿ ಇದ್ದವ್ರು ಕೆಲಸಾ ಮಾಡಬಾರದು. ಅಷ್ಟ.”

ಮರುದಿನ ಬೆಳಿಗ್ಗೆ ಹೊಸ ರಾಜೀನಾಮೆ ತಯಾರು. ‘ಮಾನಸಿಕ ಒತ್ತಡ’ ಹೋಗಿ ‘ಹೃದ್ರೋಗ’ ಬಂದಿತ್ತು, ಉಳಿದದ್ದು ಅಕ್ಷರವೂ ಬದಲಾಗಿರಲಿಲ್ಲ. ಪೆನ್ಸಿಲಿನ ಗುರುತೂ ಇತ್ತು. ಶ್ರೀವಿದ್ಯಾ ಅದನ್ನು ನೋಡುತ್ತ ಕೂತಳು. ರೋಗ ಇಲ್ಲವೆಂದರೂ ನೌಕರಿ ಹೋಗುತ್ತದೆ, ಇದೆಯೆಂದರೂ ಹೋಗುತ್ತದೆ. ಜೀವ ಕೈಯಲ್ಲಿ ಹಿಡಿದು ತಂದ ಸಾಕ್ಷಿಯನ್ನೇ ಗಂಡ ಅವಳ ಕುತ್ತಿಗೆಗೆ ಕಟ್ಟಿದ್ದ. ಅವಳಿಗೆ ಸಿಟ್ಟು ನೆತ್ತಿಗೇರಿತು.

“ಸಹಿ ಮಾಡು. ಕಾಲೇಜಿಗೆ ನಾನ ಕೊಟ್ಟು ಬರ್ತೇನಿ,” ಎಂದು ಸುಶೀಂದ್ರ ಪೆನ್ನು ಮುಂದೆ ಹಿಡಿದ.

ಒಳಗೆ ಪಾತ್ರೆ ಧಡಕ್ಕಂತ ಇಟ್ಟ ಸಪ್ಪಳವಾಯಿತು. “ಏನೋ ಮುಟ್ಟಿಧಂಗ ಆತು” ಎನ್ನುತ್ತ ಕೃಷ್ಣಾಬಾಯಿ ಹಿತ್ತಲಿಗೆ ಓಡಿದರು. ಪೆನ್ನಿನಿಂದ ತಪ್ಪಿಸಿಕೊಳ್ಳಲು ಅದೇ ನೆಪ ಸಿಕ್ಕಿತೆಂದು ಶ್ರೀವಿದ್ಯಾ ಎದ್ದು ಹಿಂದೆ ಹೋದಳು.

ಬಾವಿಕಟ್ಟೆಯ ಮೇಲೆ ಅತ್ತೆ ಕೊಡ ಎತ್ತಿ ಹಿಡಿದಿದ್ದರು. ಕೊರಳಿನ ತುಳಸಿಮಣಿ ಸರ ಕುಣಿಯುತ್ತಿತ್ತು. ಗಾಳಿಯಿಲ್ಲ, ಅವರು ಅಲುಗಾಡುತ್ತಲೂ ಇಲ್ಲ. ಮಣಿಗಳು ಮಾತ್ರ ಟಕಟಕಟಕ ಎಗರುತ್ತಿದ್ದವು, ಒಂದೂ ಹಿಂದೆ ಬೀಳದ ಹಾಗೆ, ಒಂದೂ ಮುಂದೆ ಓಡದ ಹಾಗೆ. ಶ್ರೀವಿದ್ಯಾ ಆ ತಾಳವನ್ನು ಮೇಜಿನ ಮೇಲೆ ತಾನೇ ಕುಟ್ಟಿದ್ದಳು.

ಮಡಿಯಲ್ಲಿದ್ದ ಅತ್ತೆಯನ್ನು ಆ ಮನೆಯಲ್ಲಿ ಯಾರೂ ಮುಟ್ಟಿದ್ದಿಲ್ಲ. ಶ್ರೀವಿದ್ಯಾ ಹೋಗಿ ಮಣಿಕಟ್ಟು ಹಿಡಿದಳು.

“ಬಿಡು. ಮೈಲಿಗಿ ಆಗ್ತದ.”

“ಆಗ್ಲಿ. ಅತ್ಯಾ, ನಿಮಗೂ?”

ಕೃಷ್ಣಾಬಾಯಿ ಸುತ್ತ ನೋಡಿದರು. ಕೊಡ ಕೆಳಗಿಟ್ಟರು. ಊರೆಲ್ಲ ಹೆದರುವ ಆ ಮುದುಕಿಯ ಕಣ್ಣಲ್ಲಿ ನೀರಿತ್ತು.

“ಈ ಮನಿಗೆ ಬಂದ ಹೊಸದಾಗಿ ನಮ್ಮತ್ತೀ ಮುಂದ ಹೇಳಿದ್ದೆ, ಎದಿ ಓಡ್ತದ ಅಂತ. ಗಾಳಿ ಮೆಟ್ಟಿದ ಹುಡುಗೀನ್ನ ಗಂಟು ಹಾಕ್ಯಾರ ಅಂತ ಹಾನಗಲ್ಲಿಗೆ ಅಟ್ಟಲಿಕ್ಕೆ ಗಾಡಿ ಕಟ್ಟಿಸಿದ್ರು. ಆವತ್ತಿಂದ ಬಾಯಿ ಮುಚ್ಚಿದೆ. ಎದಿ ಓಡ್ತದ ಅಂದ್ರ ತವರಿಗೆ ಅಟ್ತಾರ. ಮೈಲಿಗಿ ಆತು ಅಂದ್ರ ಕಾಲಿಗೆ ಬೀಳ್ತಾರ. ಯಾವದು ಸೋವಿ, ಯಾವದು ತುಟ್ಟಿ?”

ಓಣಿಯ ಸೊಸೆಯಂದಿರನ್ನೆಲ್ಲ ಹಿಂಡಿದ ಆ ಮಡಿ, ಕಾಗೆ, ಬೆಕ್ಕು, ಧನುರ್ಮಾಸದ ತಣ್ಣೀರು, ಎಲ್ಲವೂ ಇಷ್ಟೇ. “ಮತ್ತ ನಂದು ಗಾಳಿ ಅಂದ್ರೆಲ್ಲರಿ?”

“ನಿಂದು ಗಾಳಿ ಆದ್ರ ನಂದೂ ಗಾಳಿ ಆಗೇ ಉಳೀತದಲ್ಲ. ನಿನ್ನದು ಬ್ಯಾನಿ ಅಂದಕೂಡ್ಲೆ ನಂಗ ಹೆದರಿಕಿ ಆತು.” ಕೃಷ್ಣಾಬಾಯಿ ಎದೆ ಒತ್ತಿ ಹಿಡಿದು ಬಾವಿಯ ಕಡೆ ನೋಡಿದರು, ಆಮೇಲೆ ಒಳಮನೆಯ ಕಡೆ, ಪೆನ್ನು ಹಿಡಿದು ಕೂತ ಮಗನ ಕಡೆ. “ನೀರು ಬ್ಯಾಡ. ನಾಸೀರನ್ನ ಕರಿ. ಅವಂಗ ಹೇಳು, ಮೆಲ್ಲಕ ಹೋಗು ಅಂತ.”

ನಾಸೀರ ಈ ಸಲ ಬೆನ್ನಿಗೆ ಟವೆಲ್ ಹಾಕಿಕೊಂಡೇ ಬಂದ. ಆಸ್ಪತ್ರೆಯಲ್ಲಿ ಕಾಗದ ಹೊರಬಂತು. ತಸ್ಲೀಮಾ ನಿನ್ನೆಯದನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟರು. ಅದೇ ಬಾಚಣಿಗೆ, ಅದೇ ಹಲ್ಲು. ಅವರು ಕುತ್ತಿಗೆಗೆ ಬೆರಳಿಟ್ಟು, ತಾಳ ತಪ್ಪುವುದಿಲ್ಲ ತಾನೇ ಎಂದು ಎರಡೆರಡು ಸಲ ನೋಡಿ, “ನಿಮಗೂ ಗುಂಡೀದ ಬಾಯಾರ, ವಯಸ್ಸಿಂದಲ್ಲ” ಎಂದರು. ತಂಬಿಗೆ ಈಗ ಶ್ರೀವಿದ್ಯಾಳ ಕೈಯಲ್ಲಿತ್ತು. “ಉಸಿರು ಬಿಗಿ ಹಿಡದು ಮುಕ್ಕ್ರಿ ಅತ್ಯಾ. ನರಸಿಂಹದೇವರನ್ನ ನೆನೀರಿ” ಎಂದು, ಮೂರು ವರ್ಷದ್ದನ್ನೆಲ್ಲ ಸೇರಿಸಿ, ರಪ್ಪನೆ ಹೊಡೆದಳು. ಓಟ ನಿಂತಿತು.

“ಭಾಳ ಹುರುಪಿಲೆ ಹೊಡದಿ,” ಎಂದರು ಕೃಷ್ಣಾಬಾಯಿ ಮುಖ ಒರೆಸಿಕೊಳ್ಳುತ್ತ.

ಸುಶೀಂದ್ರ ಏದುಸಿರು ಬಿಡುತ್ತ ಓಡಿ ಬಂದ. ಕೈಯಲ್ಲಿ ರಾಜೀನಾಮೆ ಹಾಗೆಯೇ ಇತ್ತು. “ಅವ್ವಾ! ಏನಾತು?”

“ಏನಿಲ್ಲಪಾ. ನಾನೂ ಹೃದಯದ ಪೇಶಂಟು. ಸಾಕ್ಷಿ ಬೇಕಂತಿದ್ದೆಲ್ಲ, ತೊಗೋ.” ಎರಡೂ ಕಾಗದಗಳನ್ನು ಮಗನ ಕೈಗಿಟ್ಟರು. “ಹೃದಯದ ಬ್ಯಾನಿ ಇದ್ದವ್ರು ಕೆಲಸಾ ಮಾಡಬಾರದು. ನಿನ್ನಿ ನೀನ ತೀರ್ಪು ಕೊಟ್ಟಿ. ಖರೇ ಅದ. ನಾಳಿಂದ ಬೆಳಿಗ್ಗೆ ಬಾವೀ ನೀರು ಸೇದೂದು, ಮಡಿ ಅಡಿಗಿ, ನೈವೇದ್ಯ, ಏಕಾದಶಿ ಮರುದಿನದ ಪಾರಣಿ, ಎಲ್ಲಾ ನಿಂದು. ನಾವಿಬ್ಬರೂ ಪಡಸಾಲ್ಯಾಗ ಕೂತು ಪೇಪರ ಓದ್ತೇವಿ.”

“ಅವ್ವಾ, ಅದು ಬ್ಯಾರೆ, ಇದು ಬ್ಯಾರೆ.”

“ಹೆಂಗ ಬ್ಯಾರೆ? ತೋರಸು. ಯಾವದು ಅಕಿಂದು, ಯಾವದು ನಂದು?”

ಸುಶೀಂದ್ರ ಎರಡೂ ಕಾಗದಗಳನ್ನು ನೋಡಿದ. ತಿರುಗಿಸಿ ನೋಡಿದ. ಸವಣೂರಿನ ಕೋರ್ಟಿನಲ್ಲಿ ಅವನಿಗೆ ಇಷ್ಟು ಕಷ್ಟದ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹಣೆಯಲ್ಲಿ ಬೆವರೊಡೆಯಿತು. ತಸ್ಲೀಮಾರ ಕಡೆ ತಿರುಗಿ, ನುಣ್ಣಗಿನ ಧ್ವನಿಯಲ್ಲಿ, “ಮೇಡಮ್, ಈ ಬ್ಯಾನಿ ಇದ್ದವ್ರೂ ಕೆಲಸಾ ಮಾಡಬಹುದು ಅಂತ ನಿನ್ನಿ ನೀವೇನೋ ಅಂದಿದ್ರೆಲ್ಲ?” ಎಂದ.

“ಅಂದಿದ್ನಿರಿ. ನೀವ ಒಪ್ಪಲಿಲ್ಲ.”

“ಈಗ ಒಪ್ಪೇನಿ. ಒಪ್ಪೇನಿ ಅಂತೇನಿ.”

“ಹಂಗಾರ ಇಕಿ ಶಿಗ್ಗಾಂವಿಗೆ ಹೋಗ್ತಾಳ,” ಎಂದರು ಕೃಷ್ಣಾಬಾಯಿ. “ದಸರಾ ರಜಾ ಸುರುವಾದಕೂಡ್ಲೆ ಇಬ್ಬರೂ ಹುಬ್ಬಳ್ಳಿಗೆ ಹೋಗಿ ಆ ಒಳಹಾದಿ ಸುಡಿಸ್ಕೊಂಡು ಬರ್ತೇವಿ. ನೀ ಡಬ್ಬಿ ತೊಗೊಂಡು ಬಾ.”

ಮಗನ ಕೈಯಿಂದ ರಾಜೀನಾಮೆ ತೆಗೆದುಕೊಂಡು, ಎರಡಾಗಿ ಮಡಿಸಿ, ಸೆಕೆಯೆಂದು ಗಾಳಿ ಬೀಸಿಕೊಂಡರು. ಅವನ ಮೋರೆ ಕಂಡು ಏನನ್ನಿಸಿತೋ, ಕೈ ನೀಡಿ ಅವನ ಕುತ್ತಿಗೆಗೆ ಎರಡು ಬೆರಳಿಟ್ಟರು.

“ಇವಂದೂ ಓಡಲಿಕತ್ತದ,” ಎಂದರು.

“ಗುಂಡೀದೇನ್ರಿ ಅತ್ಯಾ?”

“ಛೇ, ಛೇ. ಇವಂದು ಮೆಲ್ಲಕ ಏರೇದ, ಮೆಲ್ಲಕ ಇಳೀತದ. ಬರೇ ಗಾಬರಿ.” ಕೈ ತೆಗೆದು ಸೀರೆಗೆ ಒರೆಸಿಕೊಂಡರು. “ಏನೂ ಬ್ಯಾಡ ಇವಂಗ. ಟೆನ್ಶನ್ ಕಡಿಮಿ ಮಾಡ್ಕೋ ಅಂತ ಹೇಳ್ರಿ.”

ಶ್ರೀವಿದ್ಯಾ ಗೋಡೆಯ ಗಡಿಯಾರ ನೋಡಿದಳು. ಶಿಗ್ಗಾಂವಿ ಬಸ್ಸಿಗೆ ಇನ್ನೂ ಹೊತ್ತಿತ್ತು.